ರಾಜೀನಾಮೆ ಪತ್ರ ಇನ್ನೂ ಡ್ರಾಯರ್‌ನಲ್ಲೇ ಇರಲಿ

ಈ ಸಲ ಪತ್ರಗಳನ್ನು ವಿಂಗಡಿಸುವ ಕೆಲಸವೇ ಬೀಳಲಿಲ್ಲ. ಬಂದವುಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಕೇಳುತ್ತವೆ: ಬರೆದು ಬದುಕಬಹುದೇ? ಹೋದ ಸಂಚಿಕೆಯಲ್ಲಿ ಬರವಣಿಗೆಯ ಕಸುಬಿನ ನನ್ನ ಮೂವತ್ತೊಂದು ವರ್ಷದ ಲೆಕ್ಕದ ಪುಸ್ತಕಗಳ ಬಗ್ಗೆ ಒಂದು ಸಾಲು ಬರೆದಿದ್ದೆ. ಅದೇ ಕಾರಣ ಇರಬೇಕು. ಆರು ಪತ್ರ ಆರಿಸಿಕೊಂಡಿದ್ದೇನೆ. ಹೆಸರು ತೆಗೆದಿದ್ದೇನೆ, ಉದ್ದ ಇದ್ದದ್ದನ್ನು ಚಿಕ್ಕದು ಮಾಡಿದ್ದೇನೆ. ಏಳನೆಯದೊಂದಿದೆ, ಅದರ ಕಥೆ ಕೊನೆಗೆ.

*

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಮೂರು ಕಥೆ ಅಚ್ಚಾಗಿವೆ, ಒಂದಕ್ಕೆ ಬಹುಮಾನವೂ ಬಂದಿದೆ. ಆರು ತಿಂಗಳ ಸಂಬಳದಷ್ಟು ಉಳಿತಾಯ ಇದೆ. ಕೆಲಸ ಬಿಟ್ಟು ಪೂರ್ಣಾವಧಿ ಬರಹಗಾರ ಆಗೋಣ ಅಂತ ರಾಜೀನಾಮೆ ಪತ್ರ ಬರೆದು ಡ್ರಾಯರ್‌ನಲ್ಲಿ ಇಟ್ಟಿದ್ದೇನೆ. ಕೊಟ್ಟುಬಿಡಲೇ?

ಬೇಡ. ಇನ್ನೂ ಸ್ವಲ್ಪ ದಿನ ಅದು ಅಲ್ಲೇ ಇರಲಿ.

ನಿಮ್ಮ ಕಥೆಗಳ ಮೇಲೆ ಅನುಮಾನ ಪಟ್ಟು ಹೇಳುತ್ತಿರುವ ಮಾತಲ್ಲ. ಬಹುಮಾನ ಬಂದ ಕಥೆಯನ್ನು ನಾನು ಓದಿದ್ದೇನೆ, ಚೆನ್ನಾಗಿದೆ. ಆದರೆ ನೀವು ಲೆಕ್ಕದವರು, ಲೆಕ್ಕದಲ್ಲೇ ಮಾತಾಡೋಣ.

ನನ್ನ ಮೊದಲ ವರ್ಷದ ನೋಟ್‌ಬುಕ್ ಈಗ ಎದುರಿಗಿದೆ. ರಟ್ಟು ಕಿತ್ತುಹೋಗಿದೆ. ಸ್ಕೇಲು ಇಟ್ಟು ಗೆರೆ ಎಳೆದು ಐದು ಕಾಲಂ ಮಾಡಿದ್ದೆ: ಬರಹ, ಯಾರಿಗೆ, ಕಳಿಸಿದ ದಿನ, ಉತ್ತರ, ಹಣ. ಆ ವರ್ಷ ಒಟ್ಟು 41 ಸಾಲು. ಉತ್ತರದ ಕಾಲಂನಲ್ಲಿ 9 ಕಡೆ ‘ಪ್ರಕಟ’, 14 ಕಡೆ ‘ವಾಪಸ್’. ಉಳಿದ 18 ಖಾಲಿ. ಇವತ್ತಿಗೂ ಖಾಲಿ. ಹಣದ ಕಾಲಂ ತುಂಬಿದ್ದು ಐದೇ ಕಡೆ. ಅದರಲ್ಲೊಂದು ಲೇಖನ ಫೆಬ್ರವರಿಯಲ್ಲಿ ಕಳಿಸಿದ್ದು, ಜೂನ್‌ನಲ್ಲಿ ಅಚ್ಚಾಯಿತು, ಸಂಭಾವನೆ ಕೈಸೇರಿದ್ದು ಮರುವರ್ಷ. ಆ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ‘ಅಂತೂ ಬಂತು’ ಎಂದು ಬರೆದುಕೊಂಡಿದ್ದೇನೆ. ಎಷ್ಟು ಖುಷಿಯಾಗಿತ್ತೆಂದರೆ ಮೊತ್ತ ಬರೆಯುವುದನ್ನೇ ಮರೆತಿದ್ದೇನೆ.

ನಿಮ್ಮ ಉಳಿತಾಯ ಆರು ತಿಂಗಳಿನದು. ಈ ಕಸುಬಿನಲ್ಲಿ ಇವತ್ತು ದುಡಿದದ್ದರ ಕಾಸು ಕಾಣಲು ಅಷ್ಟೇ ಕಾಲ ಹಿಡಿಯಬಹುದು. ಉಳಿತಾಯ ತಳ ಕಾಣುವ ಹೊತ್ತಿಗೆ ನಿಮ್ಮ ಮೊದಲ ಬಿಲ್ಲು ಯಾರದೋ ಮೇಜಿನ ಮೇಲೆ ಸಹಿಗೆ ಕಾಯುತ್ತಿರುತ್ತದೆ. ಬರಬೇಕಾದ ಬಾಕಿಯನ್ನು ನಂಬಿ ಖರ್ಚು ಮಾಡಿದರೆ ಏನಾಗುತ್ತದೆ ಅನ್ನೋದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಆಂಥನಿ ಟ್ರಾಲಪ್ ಎಂಬ ಇಂಗ್ಲಿಷ್ ಕಾದಂಬರಿಕಾರ 1834ರಲ್ಲಿ ಅಂಚೆ ಇಲಾಖೆಗೆ ಗುಮಾಸ್ತನಾಗಿ ಸೇರಿ 1867ರವರೆಗೆ ಅಲ್ಲೇ ಇದ್ದ. ಬೆಳಗಿನ ಜಾವ ಐದೂವರೆಗೆ ಮೇಜಿಗೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದ. ಬರೆಯುವವರ ಶಿಸ್ತಿನ ಮಾತು ಬಂದಾಗ ಎಲ್ಲರೂ ಇದನ್ನೇ ಹೇಳುತ್ತಾರೆ, ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇದಕ್ಕಿಂತ ಹಿಡಿಸಿದ್ದು ಆತ ಕೆಲಸ ಬಿಟ್ಟ ರೀತಿ. ಅರವತ್ತರವರೆಗೆ ಇದ್ದಿದ್ದರೆ ಎಷ್ಟು ಪಿಂಚಣಿ ಬರುತ್ತಿತ್ತು ಎಂದು ಲೆಕ್ಕ ಹಾಕಿದ. ಹೆಂಡತಿಯೊಂದಿಗೆ ಕೂತು ಮಾತಾಡಿದ. ಕೂಡಿಟ್ಟ ಹಣದಿಂದ ಆ ಪಿಂಚಣಿಯಷ್ಟೇ ಆದಾಯ ಬರುವಂತಾದ ಮೇಲೆ ರಾಜೀನಾಮೆ ಕೊಟ್ಟ. ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಆತ್ಮಕಥೆಯಲ್ಲಿ ಬರೆದಿಟ್ಟ. ಆತ ತೀರಿಕೊಂಡ ಮೇಲೆ, 1883ರಲ್ಲಿ, ಅದು ಹೊರಬಂದಾಗ ಇಷ್ಟು ಲೆಕ್ಕಾಚಾರದ ಮನುಷ್ಯ ಎಂಥ ಕಲಾವಿದ ಎಂದು ಮೂಗು ಮುರಿದವರಿದ್ದರು. ಆ ಮೂಗುಗಳ ಹೆಸರು ನನಗೆ ನೆನಪಿಲ್ಲ.

ನಮ್ಮವರನ್ನೇ ನೋಡಿ. ಮಾಸ್ತಿ ಆಡಳಿತಾಧಿಕಾರಿ, ಬೇಂದ್ರೆ ಮೇಷ್ಟರು, ಯಶವಂತ ಚಿತ್ತಾಲರು ರಾಸಾಯನಿಕ ಎಂಜಿನಿಯರು. ಬರವಣಿಗೆಯನ್ನೇ ನೆಚ್ಚಿ ಬದುಕಿದ ಅನಕೃ ಅವರೂ ಇದ್ದಾರಲ್ಲ ಅನ್ನಬಹುದು. ಇದ್ದಾರೆ. ಅವರು ಬರೆದದ್ದು ನೂರಕ್ಕೂ ಹೆಚ್ಚು ಕಾದಂಬರಿ. ಆ ಸಂಖ್ಯೆಯನ್ನು ಇನ್ನೊಂದು ಸಲ ಓದಿಕೊಂಡು ನಿಮ್ಮ ಮೂರು ಕಥೆಗಳ ಪಕ್ಕ ಇಡಿ.

ಇನ್ನೊಂದು ವಿಷಯ. ಪೂರ್ಣಾವಧಿ ಬರಹಗಾರ ಅಂದರೆ ಬೆಳಗಿಂದ ಸಂಜೆಯವರೆಗೆ ಕಥೆ ಬರೆಯುವವರು ಎಂದು ನೀವು ಅಂದುಕೊಂಡ ಹಾಗಿದೆ. ನನ್ನ ಮೂವತ್ತೊಂದು ವರ್ಷದಲ್ಲಿ ಕಥೆ-ಕಾದಂಬರಿಗೆ ಸಿಕ್ಕಿದ್ದು ದಿನಕ್ಕೆ ಎರಡು ಗಂಟೆ, ಅದೂ ಒಳ್ಳೆಯ ದಿನಗಳಲ್ಲಿ. ಉಳಿದದ್ದೆಲ್ಲ ಅನುವಾದ, ಪ್ರೂಫು, ಜಾಹೀರಾತು, ಭಾಷಣ. ಔಷಧಿ ಡಬ್ಬಿಯೊಳಗಿನ ಚೀಟಿ ಅನುವಾದಿಸಿದ್ದೇನೆ. ನಿವೃತ್ತ ಅಧಿಕಾರಿಯೊಬ್ಬರ ಆತ್ಮಕಥೆಯನ್ನು ಅವರ ಹೆಸರಿನಲ್ಲಿ ಬರೆದಿದ್ದೇನೆ. ಹೊಲಿಗೆ ಯಂತ್ರದ ಕೈಪಿಡಿ ಬರೆದಿದ್ದೇನೆ.

ಆ ಕೈಪಿಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಯಂತ್ರಕ್ಕೆ ದಾರ ಪೋಣಿಸುವುದನ್ನು ಹತ್ತು ಹಂತಗಳಲ್ಲಿ ಬರೆದೆ. ಓದಲು ಸೊಗಸಾಗಿತ್ತು. ಹೊಲಿಗೆ ಗೊತ್ತಿಲ್ಲದ ನನ್ನ ತಂಗಿಯ ಕೈಗೆ ಕೊಟ್ಟು, ಬಾಯಿ ಬಿಡದೆ ಪಕ್ಕದಲ್ಲಿ ಕೂತೆ. ಅವಳು ಒಂದಕ್ಷರ ತಪ್ಪದೆ ಹತ್ತೂ ಹಂತ ಮಾಡಿದಳು. ಹೊಲಿಯಲು ಶುರು ಮಾಡಿದರೆ ಬಟ್ಟೆಯಡಿ ದಾರ ಗಂಟುಗಂಟು. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವಿದೆಯಲ್ಲ, ಅದನ್ನು ಮೇಲೆತ್ತಿಕೊಂಡೇ ದಾರ ಪೋಣಿಸಬೇಕು. ಇಲ್ಲವಾದರೆ ದಾರ ಬಿಗಿ ಮಾಡುವ ಬಿಲ್ಲೆಗಳ ನಡುವೆ ಅದು ಸರಿಯಾಗಿ ಕೂರುವುದಿಲ್ಲ. ನನಗೆ ಅದು ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ಬರೆಯುವುದೇ ಹೊಳೆದಿರಲಿಲ್ಲ. ನನಗೆ ಗೊತ್ತಿರುವುದು ಓದುವವರಿಗೂ ಗೊತ್ತು ಎಂದುಕೊಂಡುಬಿಡುವ ಚಟ ಬಿಟ್ಟಿದ್ದು ಅವತ್ತು. ಆಮೇಲೆ ಬರೆದ ಕಥೆಗಳಿಗೂ ಅದು ಉಪಕಾರಕ್ಕೆ ಬಂತು. ಇಂಥ ಕೆಲಸ ನಿಮಗೆ ಅವಮಾನ ಅನ್ನಿಸುತ್ತದೆ ಎಂದಾದರೆ ಅಕೌಂಟ್ಸ್ ವಿಭಾಗವೇ ವಾಸಿ. ಅಲ್ಲಿ ಕನಿಷ್ಠ ಸಂಜೆಯ ನಂತರ ತಲೆ ನಿಮ್ಮದು.

ಹಾಗಾದರೆ ಯಾವಾಗ ಬಿಡಬೇಕು? ನನ್ನ ಅಳತೆ ಇಷ್ಟು. ಇವತ್ತೇ ಐದು ಕಾಲಂ ಎಳೆಯಿರಿ. ಹನ್ನೆರಡು ತಿಂಗಳು ತುಂಬಿ. ಬರಹದಿಂದ ಬಂದ ಹಣ ಮನೆಖರ್ಚಿನ ಅರ್ಧದಷ್ಟಾಗಬೇಕು. ಅದು ಒಬ್ಬರಿಂದಲೇ ಬಂದಿರಬಾರದು, ಮೂರು-ನಾಲ್ಕು ಕಡೆಯಿಂದ ಬಂದಿರಬೇಕು, ಯಾಕೆಂದರೆ ಒಬ್ಬರನ್ನೇ ನಂಬಿದರೆ ಅದೂ ನೌಕರಿಯೇ, ಪಿಎಫ್ ಇಲ್ಲದ ನೌಕರಿ. ಉಳಿತಾಯ ಆರರ ಬದಲು ಹದಿನೆಂಟು ತಿಂಗಳಿನದಾಗಿರಬೇಕು. ಮೂರೂ ಕೂಡಿಬಂದ ದಿನ ಡ್ರಾಯರ್ ತೆಗೆಯಿರಿ. ಪತ್ರದ ಮೇಲಿನ ತಾರೀಖು ಬದಲಿಸುವುದು ಮರೆಯಬೇಡಿ.

*

ಪ್ರಶ್ನೆ: ಕಾವ್ಯನಾಮ ಇಟ್ಟುಕೊಳ್ಳುವುದು ಒಳ್ಳೆಯದೇ?

ಇಷ್ಟವಿದ್ದರೆ ಇಟ್ಟುಕೊಳ್ಳಿ. ಆದರೆ ಲೇಖನದ ಕೆಳಗೆ ಬ್ಯಾಂಕ್ ಖಾತೆಯಲ್ಲಿರುವ ಹೆಸರನ್ನೂ ಬರೆದು ಕಳಿಸಿ. ನನ್ನ ಕಾವ್ಯನಾಮಕ್ಕೆ ಬಂದ ಎರಡು ಚೆಕ್ಕು ಇನ್ನೂ ನನ್ನ ಹತ್ತಿರವೇ ಇವೆ. ಆ ಹೆಸರಿನ ಹೆಂಗಸು ಯಾವ ಬ್ಯಾಂಕಿನಲ್ಲೂ ಖಾತೆ ತೆರೆದಿರಲಿಲ್ಲ.

*

ಪ್ರಶ್ನೆ: ಅಕ್ಕಾ, ನನಗೆ 22. ಎರಡು ವರ್ಷದಿಂದ ಕಥೆ ಕಳಿಸುತ್ತಿದ್ದೇನೆ, ಒಂದೂ ಬಂದಿಲ್ಲ. ಸಂಪಾದಕರ ಪರಿಚಯ ಇದ್ದವರದ್ದು ಮಾತ್ರ ಹಾಕುತ್ತಾರೆ ಅಂತ ಸ್ನೇಹಿತರು ಹೇಳುತ್ತಾರೆ. ನಿಜವಾ? ಒಂದು ಕಥೆ ಇದರ ಜೊತೆ ಇಟ್ಟಿದ್ದೇನೆ.

ಪರಿಚಯ ಕೆಲಸ ಮಾಡುವುದೇ ಇಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಪರಿಚಯ ಇದ್ದರೆ ನಿಮ್ಮ ಕಥೆಯನ್ನು ಬೇಗ ಓದುತ್ತಾರೆ. ಅಲ್ಲಿಗೆ ಅದರ ಶಕ್ತಿ ಬಹುಮಟ್ಟಿಗೆ ಮುಗಿಯಿತು.

ನಾನು ನಾಲ್ಕು ವರ್ಷ ಒಂದು ವಾರಪತ್ರಿಕೆಯ ಡೆಸ್ಕಿನಲ್ಲಿದ್ದೆ. ಬಂದ ಕಥೆಗಳನ್ನು ಮೊದಲು ಓದುವುದು ನನ್ನ ಪಾಲಿಗಿತ್ತು. ಬೇರೆ ಕೆಲಸವೆಲ್ಲ ಮುಗಿದ ಮೇಲೆ, ಕಣ್ಣು ಎಳೆಯುವ ಹೊತ್ತಿನಲ್ಲಿ ಓದುತ್ತಿದ್ದೆ. ಪುಟಕ್ಕೆ ಪುಟ ಓದಿ ತೀರ್ಮಾನಿಸುತ್ತಿದ್ದೆ ಎಂದುಕೊಳ್ಳಬೇಡಪ್ಪಾ. ಹತ್ತು ಸಾಲು. ಹತ್ತು ಸಾಲಿನೊಳಗೆ ನನಗೆ ಎಚ್ಚರವಾದರೆ ಕಥೆ ಸಂಪಾದಕರ ಮೇಜಿಗೆ ಹೋಗುತ್ತಿತ್ತು. ಅನ್ಯಾಯ ಅನ್ನಿಸಿದರೆ ನೀನು ಪುಸ್ತಕದಂಗಡಿಯಲ್ಲಿ ಹೇಗೆ ಓದುತ್ತೀ ಎಂದು ನೆನಪು ಮಾಡಿಕೋ.

ಈಗ ನಿನ್ನ ಕಥೆಯ ಮೊದಲ ಹತ್ತು ಸಾಲು ನೋಡೋಣ. ನಿನ್ನ ಅನುಮತಿ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ:

“ಅಂದು ಮುಂಜಾನೆ ಮೂಡಣದಲ್ಲಿ ನೇಸರನು ತನ್ನ ಹೊಂಗಿರಣಗಳನ್ನು ಚೆಲ್ಲುತ್ತಾ ಮೇಲೇರುತ್ತಿದ್ದಂತೆ, ನಿದ್ದೆಯಿಂದೆದ್ದ ಸುಮಾಳ ಮನದಲ್ಲಿ ಹೇಳಲಾಗದ ಅವ್ಯಕ್ತ ವೇದನೆಯೊಂದು ಮಡುಗಟ್ಟಿತ್ತು. ಬದುಕು ಎಷ್ಟು ವಿಚಿತ್ರ ಎಂದುಕೊಳ್ಳುತ್ತಾ ನಿಧಾನವಾಗಿ ಮಂಚದಿಂದ ಇಳಿದು ಹೊರಬಾಗಿಲ ಬಳಿ ಬಂದಳು. ಬಾಗಿಲ ಪಕ್ಕ ಅಪ್ಪನ ಚಪ್ಪಲಿ ಹಾಗೇ ಇತ್ತು. ಅಪ್ಪ ಇರಲಿಲ್ಲ.”

ಮೊದಲ ವಾಕ್ಯ ನಿನ್ನದಲ್ಲ. ಅದನ್ನು ನೀನು ಎಲ್ಲೋ ಓದಿದ್ದೀಯ, ನಾನೂ ಓದಿದ್ದೇನೆ, ಡೆಸ್ಕಿನಲ್ಲಿ ವಾರಕ್ಕೆ ನಾಲ್ಕು ಸಲ ಓದುತ್ತಿದ್ದೆ. ಮೂಡಣದಲ್ಲಲ್ಲದೆ ನೇಸರ ಬೇರೆಲ್ಲಿ ಏರುತ್ತಾನೆ? ‘ಹೇಳಲಾಗದ’ ಮತ್ತು ‘ಅವ್ಯಕ್ತ’ ಎರಡೂ ಒಂದೇ. ಬದುಕು ವಿಚಿತ್ರ ಎಂದು ಸುಮಾಗೆ ಆಗಲೇ ಅನ್ನಿಸಿಬಿಟ್ಟರೆ ಓದುವವರಿಗೆ ಅನ್ನಿಸಲು ಏನು ಉಳಿಯಿತು? ಬಿಡು, ಅವೆಲ್ಲ ಹೋಗಲಿ.

ಆದರೆ ಕೊನೆಯ ಎರಡು ವಾಕ್ಯ! ಚಪ್ಪಲಿ ಇದೆ, ಅಪ್ಪ ಇಲ್ಲ. ಅಂದರೆ ಬರಿಗಾಲಲ್ಲಿ ಹೋಗಿದ್ದಾರೆ. ಎಲ್ಲಿಗೆ? ಯಾಕೆ ಅಷ್ಟು ಅವಸರ? ಅಥವಾ ಮನೆಯೊಳಗೇ ಎಲ್ಲೋ ಇದ್ದಾರೆಯೇ? ಆ ‘ಹಾಗೇ’ ಅನ್ನುವ ಪದವನ್ನು ಮಾತ್ರ ಯಾರು ಹೇಳಿದರೂ ತೆಗೆಯಬೇಡ. ರಾತ್ರಿ ಮಲಗುವಾಗಲೂ ಚಪ್ಪಲಿ ಅದೇ ಜಾಗದಲ್ಲಿತ್ತು, ಸುಮಾ ಅದನ್ನು ನೋಡಿದ್ದಳು, ಎನ್ನುವ ಎರಡು ಸಂಗತಿ ಅದೊಂದರಲ್ಲೇ ಇವೆ. ಇಷ್ಟು ಬರೆಯಬಲ್ಲ ಹುಡುಗ ಅದಕ್ಕೆ ಮೊದಲು ಎರಡು ವಾಕ್ಯ ಗಂಟಲು ಸರಿಮಾಡಿಕೊಳ್ಳುತ್ತಾ ನಿಂತಿದ್ದಾನೆ. ನಿನ್ನ ಕಥೆ ಹೀಗೆ ಶುರುವಾಗುತ್ತದೆ:

“ಹೊರಬಾಗಿಲ ಪಕ್ಕ ಅಪ್ಪನ ಚಪ್ಪಲಿ ಹಾಗೇ ಇತ್ತು. ಅಪ್ಪ ಇರಲಿಲ್ಲ.”

ಬೆಳಗಾಗಿತ್ತು, ಅವಳು ಎದ್ದಿದ್ದಳು ಎನ್ನುವುದು ಮುಂದಿನ ಸಾಲುಗಳಲ್ಲಿ ತಾನಾಗಿ ಬರುತ್ತದೆ. ಉಳಿದ ಹದಿನಾಲ್ಕು ಪುಟವನ್ನೂ ಹೀಗೇ ನೋಡು. ನನ್ನ ಅಂದಾಜಿನಲ್ಲಿ ಒಂಬತ್ತಾಗುತ್ತದೆ. ಹದಿನಾಲ್ಕನೆಯ ಪುಟದ ಕೊನೆಯ ಪ್ಯಾರಾ, ಸುಮಾ ಆಕಾಶ ನೋಡುವುದು, ಅದೂ ಬೇಡ.

ಕಳಿಸುವಾಗ ಪತ್ರಿಕೆ ಹೇಳಿರುವ ಪದಮಿತಿ ಮೀರಬೇಡ. ಒಂದೇ ಕಥೆಯನ್ನು ಎರಡು ಕಡೆ ಒಟ್ಟಿಗೆ ಕಳಿಸಬೇಡ. ಇಬ್ಬರೂ ಹಾಕಿಬಿಟ್ಟರೆ ಇಬ್ಬರೂ ನಿನ್ನನ್ನು ಮತ್ತೆ ಹತ್ತಿರ ಸೇರಿಸುವುದಿಲ್ಲ. ಮೂರು ತಿಂಗಳು ಕಾಯಿ, ಒಂದು ಸಾಲಿನ ನೆನಪೋಲೆ ಬರೆ, ಇನ್ನೊಂದು ತಿಂಗಳು ನೋಡಿ ವಾಪಸ್ ಪಡೆದೆ ಎಂದು ತಿಳಿಸಿ ಬೇರೆಡೆಗೆ ಕಳಿಸು. ಆ ನಾಲ್ಕು ತಿಂಗಳು ಇನ್ನೊಂದು ಕಥೆ ಬರೆಯುತ್ತಿರು, ಅಂಚೆ ನೋಡುತ್ತಾ ಕೂರಬೇಡ.

*

ಪ್ರಶ್ನೆ: ನನ್ನ ಮೊದಲ ಕಾದಂಬರಿಗೆ ಪ್ರಕಾಶಕರು ಸಿಕ್ಕಿದ್ದಾರೆ. ಒಟ್ಟು ಮೊತ್ತ ಒಂದನ್ನು ಕೊಟ್ಟು ‘ಎಲ್ಲ ಹಕ್ಕು’ ಬರೆಸಿಕೊಳ್ಳುತ್ತೇವೆ ಎನ್ನುತ್ತಾರೆ. ರಾಯಧನ, ಅಂದರೆ ಮಾರಾಟವಾದ ಪ್ರತಿಗಳ ಮೇಲಿನ ಪಾಲು, ಬೇಕಾದರೆ ಮುಂಗಡ ಇಲ್ಲವಂತೆ. ಐಎಸ್‌ಬಿಎನ್ ಮಾಡಿಸುವುದರಿಂದ ನನ್ನ ಹಕ್ಕಿಗೆ ಏನೂ ತೊಂದರೆ ಆಗದು ಎಂದೂ ಹೇಳಿದರು. ಸಹಿ ಹಾಕಬಹುದೇ?

ಐಎಸ್‌ಬಿಎನ್ ಮಾತು ಮೊದಲು ಮುಗಿಸುತ್ತೇನೆ. ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆ, ಅಷ್ಟೆ. 2007ರಿಂದ 13 ಅಂಕಿ. ಅಂಗಡಿಯವರಿಗೂ ಗ್ರಂಥಾಲಯದವರಿಗೂ ಅನುಕೂಲ. ನಿಮ್ಮ ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ಹಕ್ಕು ನೀವು ಬರೆದ ಕ್ಷಣವೇ ನಿಮ್ಮದಾಗಿದೆ. ಕೃತಿಸ್ವಾಮ್ಯ ಕುರಿತ 1886ರ ಬರ್ನ್ ಒಡಂಬಡಿಕೆಗೆ ಸೇರಿದ ದೇಶಗಳಲ್ಲೆಲ್ಲ ಅದಕ್ಕೆ ನೋಂದಣಿ ಬೇಕಾಗಿಲ್ಲ, ಬರೆದವರು ತೀರಿಕೊಂಡ ಮೇಲೂ ಕಡಿಮೆಯೆಂದರೆ 50 ವರ್ಷ ಅದು ಉಳಿಯುತ್ತದೆ. ಅಂದರೆ ನಿಮ್ಮ ಪ್ರಕಾಶಕರು ಒಂದು ಮೊತ್ತಕ್ಕೆ ಕೇಳುತ್ತಿರುವುದು ನಿಮ್ಮ ಮೊಮ್ಮಕ್ಕಳ ಕಾಲದವರೆಗಿನ ಆಸ್ತಿಯನ್ನು. ಕೊಡಲೇಬಾರದು ಎಂದಲ್ಲ. ಏನು ಕೊಡುತ್ತಿದ್ದೀರಿ ಎಂದು ತಿಳಿದು ಕೊಡಿ.

ಜೇನ್ ಆಸ್ಟೆನ್‌ಗೆ ಆದದ್ದು ಕೇಳಿ. 1811ರಲ್ಲಿ ಮೊದಲ ಕಾದಂಬರಿಯನ್ನು ನಷ್ಟವಾದರೆ ತಾನೇ ಹೊರುವ ಕರಾರಿನ ಮೇಲೆ ಹೊರತಂದರು. ಪ್ರತಿಗಳು ಖರ್ಚಾಗಿ 140 ಪೌಂಡ್ ಲಾಭ ಕೈಗೆ ಬಂತು, ಹಕ್ಕೂ ಕೈಯಲ್ಲೇ ಉಳಿಯಿತು. ಎರಡನೆಯದಕ್ಕೆ ಅಷ್ಟು ತಲೆನೋವು ಬೇಡ ಎಂದು 1812ರಲ್ಲಿ ಹಕ್ಕನ್ನೇ ಮಾರಿದರು. 150 ಕೇಳಿ 110ಕ್ಕೆ ಒಪ್ಪಿದರು. ಆ ಎರಡನೆಯದು ‘ಪ್ರೈಡ್ ಅಂಡ್ ಪ್ರೆಜುಡಿಸ್’. 1813ರ ಜನವರಿಯಲ್ಲಿ ಬಂತು, ಅದೇ ವರ್ಷ ಎರಡನೆಯ ಮುದ್ರಣವೂ ಆಯಿತು. ಮುಂದಿನ ಮುದ್ರಣಗಳಿಂದ ಅವರಿಗೆ ಬಿಡಿಗಾಸಿಲ್ಲ. ಯಾರ ಮೋಸವೂ ಇಲ್ಲ ಇದರಲ್ಲಿ. ಅವರೇ ಸಹಿ ಹಾಕಿದ್ದು.

ನಾನೂ ಹಾಕಿದ್ದೇನೆ. ಕಸುಬಿಗೆ ಇಳಿದ ಮೂರನೇ ವರ್ಷ, ಒಂದು ದಪ್ಪ ಪುಸ್ತಕದ ಅನುವಾದ, ಒಂದೂವರೆ ಪುಟದ ಒಪ್ಪಂದ. ದುಡ್ಡಿನ ಅಂಕಿ ಇದ್ದ ಸಾಲನ್ನು ಎರಡು ಸಲ ಓದಿದೆ, ಉಳಿದದ್ದನ್ನು ಒಂದು ಸಲವೂ ಓದಲಿಲ್ಲ. ಪುಸ್ತಕ ಬಂದಾಗ ಒಳಪುಟದಲ್ಲಿ ಅನುವಾದಕಿಯ ಹೆಸರಿರಲಿಲ್ಲ. ಕೇಳಲು ಹೋದರೆ ಪ್ರಕಾಶಕರು ಬಹಳ ಮರ್ಯಾದೆಯಿಂದ ಕೂರಿಸಿ, ಆರನೆಯ ಕಲಮನ್ನು ನನ್ನ ಕೈಯಲ್ಲೇ ಓದಿಸಿದರು. ಹೆಸರು ಹಾಕುವುದು ಬಿಡುವುದು ಅವರ ಇಷ್ಟ ಎಂದಿತ್ತು. ಆ ಪುಸ್ತಕ ಈಗಲೂ ಮರುಮುದ್ರಣವಾಗುತ್ತಿದೆ. ಮೊನ್ನೆ ಒಬ್ಬ ಹುಡುಗಿ ನನಗೇ ಅದನ್ನು ಓದಿ ಎಂದು ಶಿಫಾರಸು ಮಾಡಿದಳು.

ಅದಕ್ಕೇ ಕೇಳಿ: ‘ಎಲ್ಲ ಹಕ್ಕು’ ಅಂದರೆ ಯಾವ್ಯಾವುದು? ಅಚ್ಚಿನ ಪುಸ್ತಕ ಮಾತ್ರವೇ, ಇ-ಪುಸ್ತಕ, ಆಡಿಯೊ, ಅನುವಾದ, ಸಿನಿಮಾ, ಧಾರಾವಾಹಿ ಎಲ್ಲವೂ ಸೇರಿದೆಯೇ? ಎಷ್ಟು ವರ್ಷಕ್ಕೆ? ಒಂದು ಮುದ್ರಣಕ್ಕೆ ಎಷ್ಟು ಪ್ರತಿ? ಪ್ರತಿಗಳು ಮುಗಿದು, ಅವರು ಮರುಮುದ್ರಣ ಮಾಡದಿದ್ದರೆ ಹಕ್ಕು ನಿಮಗೆ ಯಾವಾಗ ಮರಳುತ್ತದೆ? ಈ ಕೊನೆಯದನ್ನು ಕೇಳಿದಾಗ ಕೆಲವರು ನಗುತ್ತಾರೆ. ನಗಲಿ, ಕಾಗದದ ಮೇಲೆ ಬರಲಿ.

ರಾಯಧನ ಎಂದಾಗ ಯಾವುದರ ಮೇಲೆ ಶೇಕಡಾ ಎಂದು ನೋಡಿ. ಮುಖಬೆಲೆಯ ಶೇ. 10 ಎಂದರೆ 100ಕ್ಕೆ 10. ‘ನಿವ್ವಳ ಮಾರಾಟದ ಶೇ. 10’ ಎಂದಿದ್ದರೆ, ಮಾರಾಟಗಾರರಿಗೆ 40 ರಿಯಾಯಿತಿ ಕಳೆದು ಉಳಿದ 60ಕ್ಕೆ 6. ಅದೇ ಹತ್ತು, ನಾಲ್ಕು ಕಡಿಮೆ.

‘ಮುಂದಿನ ಪುಸ್ತಕಗಳನ್ನೂ ನಮಗೇ ಕೊಡತಕ್ಕದ್ದು’ ಎಂಬ ಕಲಮಿದ್ದರೆ ಹೊಡೆದು ಹಾಕಿಸಿ, ಅಥವಾ ಒಂದೇ ಪುಸ್ತಕಕ್ಕೆ ಇಳಿಸಿ. ಅಗಾಥಾ ಕ್ರಿಸ್ಟಿ ಮೊದಲ ಕಾದಂಬರಿ ಅಚ್ಚಾಗುವ ಸಂತೋಷದಲ್ಲಿ ಇನ್ನೂ ಐದು ಪುಸ್ತಕಗಳಿಗೆ ಅದೇ ಪ್ರಕಾಶಕರಿಗೆ ಕಟ್ಟುಬಿದ್ದರು. ಷರತ್ತು ಎಷ್ಟು ಕೆಟ್ಟದ್ದು ಎಂದು ತಿಳಿಯುವಷ್ಟರಲ್ಲಿ ಕಾಲ ಮಿಂಚಿತ್ತು. ಐದನ್ನೂ ತೀರಿಸಿಯೇ ಬೇರೆ ಕಡೆ ಹೋಗಬೇಕಾಯಿತು.

ನಿಮ್ಮ ಜಾಗದಲ್ಲಿ ನಾನಿದ್ದರೆ? ಮುಂಗಡವಿಲ್ಲದ ರಾಯಧನವನ್ನೇ ಆರಿಸುತ್ತೇನೆ, ಅವಧಿ ಐದು ವರ್ಷ ಎಂದು ಬರೆಸುತ್ತೇನೆ. ಮನೆಯಲ್ಲಿ ಈಗಲೇ ಹಣದ ತುರ್ತಿದ್ದರೆ ಒಟ್ಟು ಮೊತ್ತ ತೆಗೆದುಕೊಳ್ಳುತ್ತೇನೆ, ಆದರೆ ಒಂದೇ ಮುದ್ರಣಕ್ಕೆ. ನಿಮ್ಮಿಂದಲೇ ಹಣ ಕೇಳುವ ಪ್ರಕಾಶಕರಾದರೆ ಅವರನ್ನು ಮುದ್ರಕರು ಎಂದು ಕರೆಯಿರಿ, ಮೂರು ಕಡೆ ದರ ವಿಚಾರಿಸಿ, ಪುಸ್ತಕ ಮಾರುವ ಹೊಣೆ ನಿಮ್ಮದೇ ಎಂದು ತಿಳಿದುಕೊಂಡು ಮುಂದುವರಿಯಿರಿ. ಅದರಲ್ಲಿ ಕೀಳೇನೂ ಇಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು.

*

ಪ್ರಶ್ನೆ: ಮನೆಯಲ್ಲಿ ಮಗುವನ್ನು ನೋಡಿಕೊಂಡು ಕಂಪನಿಗಳಿಗೆ ಕಂಟೆಂಟ್ ಬರೆದುಕೊಡುತ್ತೇನೆ. “ಈಗ ಫ್ರೀಯಾಗಿ ಮಾಡಿ, ನಿಮಗೆ ಹೆಸರು ಬರುತ್ತೆ” ಎನ್ನುವವರಿಗೆ ಏನು ಹೇಳಬೇಕು? ದುಡ್ಡು ಕೇಳಲು ನಾಲಗೆ ಏಳುವುದಿಲ್ಲ.

ನಾಲಗೆ ಏಳದಿದ್ದರೆ ಬರೆದು ಕೇಳಿ. ನೀವು ಬರಹಗಾರ್ತಿ ಅಲ್ಲವೇ?

ನನ್ನ ಒಂದು ಸಂದೇಶ ಹದಿನೈದು ವರ್ಷದಿಂದ ಹೆಚ್ಚುಕಡಿಮೆ ಬದಲಾಗಿಲ್ಲ. ನಕಲು ಮಾಡಿಕೊಳ್ಳಿ: “ನಮಸ್ಕಾರ. ನೀವು ಕೇಳಿದ 800 ಪದಗಳ ಲೇಖನಕ್ಕೆ ನನ್ನ ದರ ಇಷ್ಟು. ಅರ್ಧ ಮುಂಗಡ, ಉಳಿದರ್ಧ ಲೇಖನ ಒಪ್ಪಿಸಿದ ಹದಿನೈದು ದಿನದೊಳಗೆ. ಎರಡು ಸಲ ತಿದ್ದಿಕೊಡುತ್ತೇನೆ; ಮೂರನೆಯದಕ್ಕೆ ಪ್ರತ್ಯೇಕ ದರ. ಒಪ್ಪಿಗೆ ತಿಳಿಸಿದ ದಿನದಿಂದ ಐದು ದಿನ ಬೇಕು.” ಇಷ್ಟೇ. ಕ್ಷಮೆ ಕೇಳಬೇಡಿ, ಮಗುವಿನ ವಿಷಯ ಎತ್ತಬೇಡಿ, ‘ನಿಮಗೆ ಜಾಸ್ತಿ ಅನ್ನಿಸಿದರೆ’ ಎಂದು ಬಾಲ ಸೇರಿಸಬೇಡಿ. ಆ ಬಾಲ ಹಿಡಿದೇ ಅವರು ಎಳೆಯುವುದು.

ದರ ಹೇಗೆ ಕಟ್ಟುವುದು ಎಂದು ಕೇಳಿಲ್ಲ, ಆದರೂ ಹೇಳುತ್ತೇನೆ. ಮುಂದಿನ ಐದು ಕೆಲಸಕ್ಕೆ ಗಡಿಯಾರ ನೋಡಿ ಸಮಯ ಬರೆದಿಡಿ: ಫೋನಿನ ಮಾತು, ಹುಡುಕಾಟ, ಬರೆದದ್ದು, ತಿದ್ದಿದ್ದು, ಹಣಕ್ಕಾಗಿ ನೆನಪಿಸಿದ್ದು, ಎಲ್ಲ. ಎರಡು ಗಂಟೆಯ ಕೆಲಸ ಎಂದುಕೊಂಡದ್ದು ಐದೂವರೆ ಗಂಟೆ ನುಂಗಿರುತ್ತದೆ. ಆ ಐದೂವರೆಗೆ ದರ ಹೇಳಿ.

ಪುಕ್ಕಟೆ ಬರೆಯಲೇಬಾರದೇ? ನಾನು ಬರೆಯುತ್ತೇನೆ. ಸಂಬಳವಿಲ್ಲದೆ ನಡೆಸುವ ಚಿಕ್ಕ ಸಾಹಿತ್ಯ ಪತ್ರಿಕೆಗೆ, ಗೆಳತಿಯ ಶಾಲೆಯ ನಾಟಕಕ್ಕೆ. ಅಲ್ಲಿ ಯಾರಿಗೂ ದುಡ್ಡಿಲ್ಲ. ಎಲ್ಲರಿಗೂ ಸಂಬಳವಿದ್ದು ಬರೆಯುವವರಿಗೆ ಮಾತ್ರ ‘ಹೆಸರು’ ಬರುವ ಕಡೆ ನಾನಿಲ್ಲ.

*

ಪ್ರಶ್ನೆ: ಈಗ ಎಐ ಕ್ಷಣದಲ್ಲಿ ಎಲ್ಲವನ್ನೂ ಬರೆದುಕೊಡುತ್ತದೆ. ಈ ಕಾಲದಲ್ಲಿ ಈ ಕಸುಬಿಗೆ ಇಳಿಯುವುದು ಮೂರ್ಖತನವಲ್ಲವೇ?

ಕೆಲವು ಕೆಲಸ ಹೋಗಿದೆ, ಸುಳ್ಳೇಕೆ ಹೇಳಲಿ. ವಸ್ತುಗಳ ವಿವರಣೆ ಬರೆಯುವುದು ನನ್ನ ನೋಟ್‌ಬುಕ್ಕಿನಲ್ಲಿ ವರ್ಷಕ್ಕೆ ಮೂವತ್ತು-ನಲವತ್ತು ಸಾಲು ಇರುತ್ತಿತ್ತು, ಹೋದ ವರ್ಷ ನಾಲ್ಕು. ಅದರ ಬದಲು ‘ಇದನ್ನು ಸ್ವಲ್ಪ ನೋಡಿಕೊಡಿ’ ಎಂದು ಯಂತ್ರ ಬರೆದದ್ದನ್ನು ಕಳಿಸುತ್ತಾರೆ. ನಾನು ‘ಸ್ವಲ್ಪ ನೋಡುವುದಕ್ಕೆ’ ಹೊಸದಾಗಿ ಬರೆಯುವ ದರವನ್ನೇ ಹಾಕುತ್ತೇನೆ, ಯಾಕೆಂದರೆ ಅದರಲ್ಲಿ ವ್ಯಾಕರಣ ಸರಿಯಿರುತ್ತದೆ, ವಾಕ್ಯ ನಮ್ಮದಾಗಿರುವುದಿಲ್ಲ. ಕಾಗುಣಿತ ತಪ್ಪಿದವರನ್ನು ತಿದ್ದುವುದಕ್ಕಿಂತ ಇದು ಕಷ್ಟ.

ಹೊಸಬರಿಗೆ ನನ್ನ ಸಲಹೆ ಎದ್ದು ಹೊರಗೆ ಹೋಗಿ ಕೇಳಿಕೊಂಡು ಬರಬೇಕಾದ ಬರಹದ ಕಡೆ ವಾಲಿ ಅನ್ನುವುದು. ಸಂದರ್ಶನ, ವರದಿ, ಒಬ್ಬರ ಜೀವನಕಥೆ. ಆ ನಿವೃತ್ತ ಅಧಿಕಾರಿಯ ಆತ್ಮಕಥೆಗೆ ಹನ್ನೊಂದು ಭಾನುವಾರ ಅವರ ಮುಂದೆ ಕೂತಿದ್ದೆ. ಏಳನೆಯ ಭಾನುವಾರ ಅವರು ಮಾತು ನಿಲ್ಲಿಸಿ ಎದ್ದು ಹೋಗಿ, ತಮ್ಮ ಅಮಾನತಿನ ಆದೇಶ ತಂದು ಮೇಜಿನ ಮೇಲಿಟ್ಟರು. ಹೆಂಡತಿಗೂ ತೋರಿಸಿರಲಿಲ್ಲವಂತೆ. ಪುಸ್ತಕದ ನಾಲ್ಕು ಒಳ್ಳೆಯ ಅಧ್ಯಾಯ ಅಲ್ಲಿಂದ ಹುಟ್ಟಿದವು. ಮೊದಲ ಆರು ಭಾನುವಾರ ಅಲ್ಲಿ ಒಬ್ಬ ಮನುಷ್ಯಳು ಸುಮ್ಮನೆ ಕೂತು ಕೇಳದೆ ಇದ್ದಿದ್ದರೆ ಆ ಕಾಗದ ಕಪಾಟಿನಲ್ಲೇ ಇರುತ್ತಿತ್ತು.

*

ಏಳನೆಯ ಪತ್ರ ಮಿಂಚಂಚೆಯಲ್ಲಿ ಬಂತು. ತೆರೆದರೆ ಹದಿಮೂರು ಪುಟ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ನಡುನಡುವೆ ಪ್ರಶ್ನಾರ್ಥಕ ಚಿಹ್ನೆ. ಕಳಿಸಿದವರು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಆ ಫಾಂಟು ನನ್ನ ಕಂಪ್ಯೂಟರಿನಲ್ಲಿಲ್ಲ. ಪರಿವರ್ತಕಕ್ಕೆ ಹಾಕಿ ನೋಡಿದೆ. ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ‘ನನ್ನ ಪ್ರಕಟವಾಗದ’ ಎಂಬುದೊಂದು, ‘ಇಪ್ಪತ್ತು ವರ್ಷಗಳಿಂದ’ ಎಂಬುದೊಂದು, ಎರಡು ತುಣುಕು ಮಾತ್ರ ಉಳಿದವು. ಪತ್ರಿಕೆಗಳಿಗೂ ಹೀಗೇ ಕಳಿಸುತ್ತಿದ್ದಿರಾ? ಈ ಪುಟ ನೋಡಿದರೆ ದಯವಿಟ್ಟು ಯೂನಿಕೋಡ್‌ಗೆ ಬದಲಿಸಿ ಇನ್ನೊಮ್ಮೆ ಕಳಿಸಿ, ಜೊತೆಗೊಂದು ಪಿಡಿಎಫ್ ಇರಲಿ. ಅದೂ ಆಗದಿದ್ದರೆ ಕೈಯಲ್ಲೇ ಬರೆದು ಹಾಕಿ. ಓದುತ್ತೇನೆ.